ಎಸಿ ಆಫ್ ಮಾಡಿದ ಮೇಲೆ

ಶಾರ್ಜಾ, ಇಂಡಸ್ಟ್ರಿಯಲ್ ಏರಿಯಾ ಹತ್ತು.
ಟಯರ್ ಗೋದಾಮಿನ ಬೆನ್ನಿಗೆ ಅಂಟಿದ ಸ್ಟುಡಿಯೋ,
ಗಂಟೆಗೆ ನೂರೈವತ್ತು ದಿರಂ.
ಮೈಕಿಗೆ ಸದ್ದು ಬೀಳುತ್ತದೆಂದು
ರೊಡೆಲ್ ಎಸಿ ಆಫ್ ಮಾಡಿದ.

ಆರನೇ ಟೇಕ್. ಇಮ್ತಿಯಾಝನ ಮೊಣಕೈಯ ಬೆವರು
ಸ್ನೇರ್ ಡ್ರಮ್ಮಿನ ಮೇಲೆ ತೊಟ್ಟಿಕ್ಕಿ
ಪ್ರತಿ ಏಟಿಗೂ ಸಣ್ಣಗೆ ಸಿಡಿಯುತ್ತದೆ.
ಮೆಲ್ರಾಯ್ ಗಿಟಾರಿನ ಕಿವಿ ಹಿಂಡುತ್ತಲೇ ಇದ್ದಾನೆ;
ಟ್ಯೂನರಿನಲ್ಲಿ ಹಸಿರು ದೀಪ,
ಹಾಡು ಮಾತ್ರ ಜೋತುಬಿದ್ದಿದೆ
ಹಿಂಡದೆ ಹರವಿದ ಬಟ್ಟೆಯ ಹಾಗೆ.

‘ಏನೋ ಇಲ್ಲ’ ಎಂದಳು ನಮಿತಾ, ಹೆಡ್‌ಫೋನ್ ತೆಗೆದು.
ಏನು ಅಂತ ಅವಳಿಗೂ ಗೊತ್ತಿಲ್ಲ.

ನನಗೆ ಹೊಳೆದದ್ದು ನೀರು ಕುಡಿಯುವಾಗ:
ಎರಡು ವರ್ಷ, ಪ್ರತಿ ಶನಿವಾರ, ಇದೇ ಕೋಣೆಯಲ್ಲಿ
ಈ ಮುದಿ ಡಬ್ಬದ ಗೊರಗೊರಕ್ಕೇ
ಶ್ರುತಿ ಹಿಡಿದು ಹಾಡಿದ್ದೆವು,
ತಂಬೂರಿ ಅಂತ ತಿಳಿಯದೆ.

ಬೈದ ರೊಡೆಲ್. ಆಮೇಲೆ ಸ್ಟೂಲು ಹತ್ತಿ
ಅದರ ಬಾಯಿಗೆ ಮೈಕು ಕಟ್ಟಿ, ಸ್ವಿಚ್ಚು ಒತ್ತಿದ.
ಅದಕ್ಕೇ ಬೇರೆ ಟ್ರ್ಯಾಕು.

ಉಳಿದದ್ದು ಹನ್ನೊಂದು ನಿಮಿಷ.
ಯಾರೂ ಏನೂ ನುಡಿಸಲಿಲ್ಲ.
ಒದ್ದೆ ಕತ್ತು ಚಾಚಿ ಅದರ ಕೆಳಗೆ ನಿಂತೆವು,
ಕೆಮ್ಮು ಬಂದರೆ ನುಂಗಿಕೊಂಡು,
ಮೆಲ್ರಾಯ್ ಮಾತ್ರ ಬೆರಳಲ್ಲಿ, ಗಾಳಿಯಲ್ಲಿ,
ತಾಳ ಹಾಕುತ್ತಾ.