ಉಗುರು ಕತ್ತರಿಸುವ ಭಾನುವಾರ

ಎರಡು ವಾರಕ್ಕೊಮ್ಮೆ, ಚರ್ಚಿನ ಗಂಟೆ ನಿಂತ ಮೇಲೆ,
ಅಡುಗೆಮನೆಯ ಮೇಜಿಗೆ ಹಳೆಯ ಟವೆಲ್ ಹಾಸುತ್ತೇನೆ.
ಡ್ರಾಯರಿನಿಂದ ಕತ್ತರಿ ತೆಗೆದ ಸದ್ದು ಕೇಳಿದ್ದೇ ತಡ
ಡಚೆಸ್ ಫ್ರಿಜ್ಜಿನ ನೆತ್ತಿಯೇರುತ್ತಾಳೆ.

ಹೆಸರು ನಾನಿಟ್ಟದ್ದಲ್ಲ.
ಜೊತೆಗೆ ಬಂದ ವಂಶಾವಳಿಯ ಕಾಗದದಲ್ಲಿ
ಐದು ತಲೆಮಾರು, ಎರಡು ಬಣ್ಣದ ಶಾಯಿ, ಒಂದು ಮೊಹರು:
‘ಹಾರ್ತ್‌ಮೂರಿನ ರಜತ ಡಚೆಸ್, ಮೂರನೆಯವಳು.’
ಅಪ್ಪನ ಅಪ್ಪನಿಂದಾಚೆ
ನನ್ನವರ ಒಂದು ಹೆಸರೂ ನನಗೆ ಗೊತ್ತಿಲ್ಲ.
ಅವಳ ಮುತ್ತಜ್ಜಿಯ ಕಣ್ಣಿನ ಬಣ್ಣಕ್ಕೂ ದಾಖಲೆಯಿದೆ.

ಇಷ್ಟಿದ್ದೂ ಸಿಕ್ಕಿದ್ದು ಒಂದು ನೆಲಮಾಳಿಗೆಯಲ್ಲಿ,
ಮೂವತ್ತೊಂದು ಬೆಕ್ಕುಗಳ ನಡುವೆ,
ತಳಿಗಾರ ದಿವಾಳಿಯೆದ್ದು ಬೀಗ ಜಡಿದು ಹೋದ ಮೇಲೆ.
‘ಬೆರಳು ಹೆಚ್ಚು, ಪ್ರದರ್ಶನಕ್ಕಿಲ್ಲ’ ಎಂದು
ಕಾಗದದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದರು.
ಅಳಿಸಬಹುದಿತ್ತು. ಅಳಿಸಿಲ್ಲ.

ಆಶ್ರಯದಲ್ಲಿ ಡೆಲ್ಫೀನ್ ಎಂಬ ಹುಡುಗಿ
ಒಂದೊಂದೇ ಮುಟ್ಟಿ ತೋರಿಸಿದಳು:
ಮುಂದೆ ಏಳೇಳು, ಹಿಂದೆ ಐದೈದು.
‘ಹದಿನೆಂಟಿರಬೇಕಾದಲ್ಲಿ ಇಪ್ಪತ್ತನಾಲ್ಕು!’
ಆಮೇಲೆ ನನ್ನ ಬಲಗೈ ಕಂಡು
ಮಾತು ನಿಲ್ಲಿಸಿ ಕೆಂಪಗಾದಳು.

ಬೆರಳು ಕೊಟ್ಟರೆ ಹಸ್ತ ನುಂಗುತ್ತಾರೆ ಅನ್ನುತ್ತಾರೆ.
ನನ್ನ ದೋಣಿಯ ರಾಟೆ ಅಷ್ಟು ದುರಾಸೆಯದಲ್ಲ,
ಎರಡಕ್ಕೇ ತೃಪ್ತಿಪಟ್ಟಿತು.
ಮೇಯ್ನ್ ಕರಾವಳಿಯ ನವೆಂಬರಿನ ಒಂದು ಬೆಳಗ್ಗೆ,
ಹಗ್ಗದ ಸುರುಳಿಯೊಳಗೆ, ಕೈಗವಸಿನ ಸಮೇತ.
ಕೈಗವಸು ಹೊಸದಾಗಿತ್ತು. ಹೆಣೆದ ತಂಗಿ ಲೊವೀನಾ
ಇವತ್ತಿಗೂ ಅದನ್ನೇ ಹೇಳುತ್ತಾಳೆ.

ಬಂದರಿನ ಅಂಗಡಿಯಲ್ಲಿ ಮೆರ್ರಿಲ್ ಲೆಕ್ಕ ಹಾಕಿದ:
‘ನಿನಗೆ ಎರಡು ಕಮ್ಮಿ, ಅವಳಿಗೆ ಆರು ಜಾಸ್ತಿ.
ದೇವರು ಬಡ್ಡಿ ಸೇರಿಸಿ ವಾಪಸು ಕೊಟ್ಟ ನೋಡು.’
ಎಲ್ಲರೂ ನಕ್ಕರು. ನಾನೂ ನಕ್ಕೆ.
ಬೆಕ್ಕಿನ ಮರಳಿನ ಮೂಟೆ ಹೊತ್ತು ಬರುವಾಗ
ದಾರಿಯುದ್ದಕ್ಕೂ ಆ ಲೆಕ್ಕ ಬಿಡಿಸಿದೆ.
ತಾಳೆಯಾಗಲಿಲ್ಲ.
ಅವಳ ಬೆರಳು ಅವಳವು. ನನ್ನವು
ಇಪ್ಪತ್ತು ಮಾರು ನೀರಿನಡಿ
ಯಾವ ಲಾಬ್‌ಸ್ಟರಿನ ಊಟವಾದವೋ,
ಆ ಲಾಬ್‌ಸ್ಟರು ಯಾರ ತಟ್ಟೆಗೆ ಹೋಯಿತೋ.

ಮೊದಲ ಮೂರು ತಿಂಗಳು
ಬಟ್ಟೆ ಒಗೆಯುವ ಯಂತ್ರದ ಹಿಂದೆಯೇ ಅವಳ ಸಂಸಾರ.
ನಡಿಗೆಯೇನಿದ್ದರೂ ರಾತ್ರಿ:
ಮರದ ನೆಲದ ಮೇಲೆ ದಪ್, ದಪ್,
ಮಗು ಅಪ್ಪನ ಬೂಟು ಹಾಕಿಕೊಂಡು ಓಡಾಡಿದ ಹಾಗೆ.
ಈ ಮನೆಯಲ್ಲಿ ಮಗು ಓಡಾಡಿದ್ದಿಲ್ಲ.
ಉಸಿರು ಬಿಗಿಹಿಡಿದು ಕೇಳುತ್ತಿದ್ದೆ.

ಈಗ ನಲ್ಲಿ ಎತ್ತುತ್ತಾಳೆ, ಬೀರು ತೆಗೆಯುತ್ತಾಳೆ,
ಬ್ರೆಡ್ಡಿನ ಡಬ್ಬಿಯ ಕೊಂಡಿ ಎಬ್ಬಿಸುತ್ತಾಳೆ
(ನಾನು ಹಲ್ಲಿನಿಂದ ಎಬ್ಬಿಸುವ ಕೊಂಡಿ).
ಎಂಟು ಕಿಲೋ ಮೈಯಿಂದ ಗುಬ್ಬಿಮರಿಯ ದನಿ:
ಕಿರ್ರ್? ಕಿರ್ರ್?
ಮಿಯಾಂವ್ ಅನ್ನಲು ವಂಶಾವಳಿ ಅಡ್ಡ ಬರುತ್ತದೇನೋ.

ಹೆಬ್ಬೆರಳಿಗೂ ಪಕ್ಕದ್ದಕ್ಕೂ ನಡುವಿನ ಸಂದಿಯಲ್ಲಿ
ಒಂದು ಪುಟ್ಟ ಬೆರಳಿದೆ, ಯಾವ ಕೆಲಸಕ್ಕೂ ಬಾರದ್ದು.
ನೆಲ ಮುಟ್ಟುವುದಿಲ್ಲ, ಹಾಗಾಗಿ ಸವೆಯುವುದಿಲ್ಲ.
ಅದರ ಉಗುರು ಸುಮ್ಮನೆ ಬೆಳೆಯುತ್ತ ಬೆಳೆಯುತ್ತ
ಕೊಕ್ಕೆಯಾಗಿ ಬಾಗಿ ತನ್ನದೇ ಅಂಗಾಲಿಗೆ ನಾಟುತ್ತದೆ.
ನೆಲಮಾಳಿಗೆಯಲ್ಲಿ ನಾಟಿತ್ತು. ಗುರುತಿದೆ.

ಮೀನಿನ ಡಬ್ಬಿ ತೆರೆದರೆ ಫ್ರಿಜ್ಜಿನಿಂದ ಇಳಿಯುತ್ತಾಳೆ.
ಎಡಗೈಯಲ್ಲಿ ಕತ್ತರಿ ಹಿಡಿಯುವುದನ್ನು
ಆಸ್ಪತ್ರೆಯವರು ಕಲಿಸಿ ಸೋತಿದ್ದರು. ಅವಳಿಗಾಗಿ ಕಲಿತೆ.
ಬಲಗೈಯ ಮೂರರಲ್ಲಿ ಅವಳ ಏಳು.
ಗುರುಗುಡುತ್ತಾಳೆ, ಬೈಯುತ್ತಾಳೆ, ಬಾಲದಿಂದ ನನ್ನ ಮುಖ ಗುಡಿಸುತ್ತಾಳೆ.
ಆ ಪುಟ್ಟ ಬೆರಳಿನ ಸರದಿ ಬಂದಾಗ ಮಾತ್ರ
ಸದ್ದಡಗಿಸಿ ಕಿಟಕಿಯತ್ತ ತಿರುಗುತ್ತಾಳೆ.
ಸೂಜಿ ಚುಚ್ಚಿಸಿಕೊಳ್ಳುವಾಗ ನಾನೂ ಹಾಗೆಯೇ,
ಹೊರಗೆ ಏನಾದರೂ ದೋಣಿ ಇದೆಯೇ ನೋಡುತ್ತೇನೆ.

ಮುಗಿದ ಮೇಲೆ ಟವೆಲಿನ ಮೇಲಿನ ಚೂರು ಎಣಿಸುತ್ತೇನೆ.
ಇಪ್ಪತ್ತಮೂರು.
ಒಂದು ಎಲ್ಲೋ ಹಾರಿದೆ.
ಬುಧವಾರದ ಹೊತ್ತಿಗೆ ಕಾಲುಚೀಲದಲ್ಲಿ ಸಿಗುತ್ತದೆ.