ನಾಲ್ಕಕ್ಕೆ ಮೆಟ್ಟಿಲಿಲ್ಲ

ಗ್ಲೇಬನ ಅಂಗೈ ಯಾವಾಗಲೂ ಒದ್ದೆ.
ನನಗೆ ಹನ್ನೊಂದು, ಅವನಿಗೆ ಹದಿನೈದು.
ಕಾಮಾ ನದಿ ಹೆಪ್ಪುಗಟ್ಟಿ, ಆಚೆ ದಡದ ಕಾರ್ಖಾನೆಯ ಹೊಗೆ
ನೆಟ್ಟಗೆ ನಿಂತುಬಿಟ್ಟಿದ್ದ ಡಿಸೆಂಬರಿನಲ್ಲಿ
ರಿಮ್ಮಾ ಅರ್ಕಾದ್ಯೆವ್ನಾ ನಮ್ಮಿಬ್ಬರನ್ನೂ
ಬಜಾರಿನಲ್ಲಿ ಎಲೆಕೋಸು ಎತ್ತಿ ನೋಡುವಂತೆ ನೋಡಿ
"ಇವಳು ಹಗುರ, ಇವನು ಮೊಂಡ. ಸಾಕು" ಅಂದಳು.
ನಾವು ಜೋಡಿಯಾದದ್ದು ಹೀಗೆ.

ಬೆಳಿಗ್ಗೆ ಆರಕ್ಕೆ ತಕ್ಕಡಿ.
ಮೂವತ್ತೇಳು ಕಿಲೋ ಇನ್ನೂರು ಗ್ರಾಂ.
ಜಡೆ ಒದ್ದೆಯಿದ್ದರೆ ಹಿಂಡಿಕೊಂಡು ಬಾ ಅನ್ನುತ್ತಿದ್ದಳು.
ಅವಳ ನೋಟ್‌ಬುಕ್ಕಿನ ಎಡಗಡೆ ತಾರೀಖು, ಬಲಗಡೆ ನಾನು.

ಈಗಲೂ ಕೇಳುತ್ತಾರೆ ಜನ:
ಅವನು ಒಂದೇ ಕೈಯಲ್ಲಿ ಎತ್ತಿ ಹಿಡಿದಾಗ
ಅಷ್ಟೆತ್ತರದಿಂದ ಏನು ಕಾಣುತ್ತಿತ್ತು?
ದೀಪ. ತುಕ್ಕು ಹಿಡಿದ ತೊಲೆ.
ದಾರಿ ತಪ್ಪಿ ಒಳಬಂದ ಗುಬ್ಬಿಯೊಂದು
ಇಡೀ ಚಳಿಗಾಲ ಅಲ್ಲೇ ಕಳೆಯಿತು ಒಂದು ವರ್ಷ.
ಅದರ ತೂಕ ಯಾರೂ ಬರೆದುಕೊಳ್ಳಲಿಲ್ಲ.

ಬ್ರಾತಿಸ್ಲಾವಾದಲ್ಲಿ ಏಳನೆಯವರು.
ಓಸ್ತ್ರಾವಾದಲ್ಲಿ ನಾಲ್ಕು. ಮರುವರ್ಷ ಮತ್ತೆ ನಾಲ್ಕು.
ನಾಲ್ಕಕ್ಕೆ ಮೆಟ್ಟಿಲಿಲ್ಲ.
ಬೆಂಚಿದೆ. ಮಡಿಲಲ್ಲಿ ಯಾರೋ ಎಸೆದ ಬಟ್ಟೆಯ ಕರಡಿ,
ಎದುರಿಗೆ ಅಂಕ ಹೊತ್ತಿಕೊಳ್ಳುವ ಪರದೆ,
ಕ್ಯಾಮೆರಾ ಬೇರೆಯವರ ಕಡೆ ತಿರುಗುವ ತನಕ ನಗು.
ಗ್ಲೇಬ್ ಅಂಕ ನೋಡುತ್ತಿರಲಿಲ್ಲ.
ನನ್ನ ಮೊಣಕಾಲು ಊದಿದೆಯೇ ಅಂತ ನೋಡುತ್ತಿದ್ದ.

ಹದಿನಾರರ ಬೇಸಿಗೆಯಲ್ಲಿ ನಾನು ಬೆಳೆದೆ.
ಆರು ಸೆಂಟಿಮೀಟರ್, ಕದ್ದು ಬೆಳೆದ ಹಾಗೆ.
ಎಸೆದರೆ ಮೂರು ಸುತ್ತು ಸುತ್ತಿ ಇಳಿಯುತ್ತಿದ್ದವಳಿಗೆ
ಎರಡೂವರೆಗೇ ಮಂಜುಗಡ್ಡೆ ಸಿಗತೊಡಗಿತು.
ಅಲಗು ಹರಿತ ಮಾಡಿದೆ, ರಾತ್ರಿಯೂಟ ಬಿಟ್ಟೆ.
ಅವನು ಭುಜಕ್ಕೆ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದುದು
ನನಗೆ ಗೊತ್ತಾದದ್ದು ನರ್ಸಿನಿಂದ.

ಮಿನ್ಸ್ಕ್. ಕೊನೆಯ ಸಲ.
ಮೇಲಕ್ಕೆ ಚಿಮ್ಮಿಸಿದ; ಸುತ್ತಿದೆ; ಬಿದ್ದೆ ಅವನ ಕಡೆಗೇ.
ಸೊಂಟಕ್ಕೆ ಸಿಗಬೇಕಾದ ಕೈ ಪಕ್ಕೆಗೆ ಸಿಕ್ಕಿತು,
ನನ್ನ ಮೊಣಕೈ ಅವನ ಹುಬ್ಬಿಗೆ.
ಸಂಗೀತ ನಿಲ್ಲಲಿಲ್ಲ, ನಾವೂ ನಿಲ್ಲಲಿಲ್ಲ.
ಎರಡು ನಿಮಿಷ ಹನ್ನೊಂದು ಸೆಕೆಂಡು
ಬಿಳಿಯ ಮೇಲೆ ನಮ್ಮ ದಾರಿ ಚುಕ್ಕಿ ಚುಕ್ಕಿ ಕೆಂಪು.
"ಎಣಿಸು" ಅಂದ, "ನನಗೆ ಕಾಣ್ತಿಲ್ಲ, ನೀನು ಎಣಿಸು."
ಎಣಿಸಿದೆ. ಆ ಮಾತಿನ ಹೊರತು
ಆ ದಿನದ್ದೇನೂ ನೆನಪಿಲ್ಲ ನನಗೆ.
ನಾಲ್ಕು.

ಆಮೇಲೆ ಸಮಾರಾದ ಒಬ್ಬ ಹುಡುಗ.
ಒಣ ಅಂಗೈ. ಒಂದು ಋತು.
ಅವನ ವಿಷಯ ಹೇಳಲು ಇನ್ನೇನೂ ಇಲ್ಲ.

ಮಿನ್ಸ್ಕಿನಲ್ಲಿ ನಮಗಿಂತ ಮೇಲೆ ನಿಂತಿದ್ದ ಜೋಡಿಯ
ಮೂತ್ರದ ಸೀಸೆ ಆರು ವರ್ಷದ ಮೇಲೆ ಬಾಯಿಬಿಟ್ಟಿತಂತೆ.
ಅಂಚೆಯವಳು ಮೂರನೆಯ ಮಹಡಿಗೆ ಏದುಸಿರು ಬಿಡುತ್ತ ಬಂದು
ಸಹಿ ಹಾಕಿಸಿಕೊಂಡು ಹೋದಳು. ಕಂಚು.
ವಾದ್ಯವಿಲ್ಲ, ಬಾವುಟವಿಲ್ಲ, ಕಟ್ಟಿದ್ದ ಕಾಗದಕ್ಕೆ ಗೋಂದಿನ ವಾಸನೆ.
ಹಿಟ್ಟು ತೂಗುವ ತಕ್ಕಡಿಯ ಮೇಲಿಟ್ಟೆ.
ಯಾಕೆ ಇಟ್ಟೆ ಅಂತ ಕೇಳಬೇಡಿ, ಕೈ ತಾನಾಗಿ ಹೋಯಿತು.
ನೂರ ಎಂಬತ್ತೆಂಟು ಗ್ರಾಂ.

ಸಂಜೆ ಸೊಲಿಕಾಮ್ಸ್ಕಿನಿಂದ ಗ್ಲೇಬ್ ಫೋನು ಮಾಡಿದ.
ಲಾರಿ ಓಡಿಸುತ್ತಾನೆ ಈಗ, ಉಪ್ಪಿನ ಲೋಡು.
"ಬಂತಾ?"
"ಬಂತು. ನಿನಗೆ?"
"ಮಗಳ ಕೈಯಲ್ಲಿದೆ. ಕಚ್ಚಿ ನೋಡ್ತಿದಾಳೆ."
ಭುಜ ಹೇಗಿದೆ ಅಂದೆ.
"ಇವಳನ್ನ ಎತ್ತೋದು ಎಡಗೈಲೇ."
ಎಷ್ಟು ತೂಕ? ಅಂದುಬಿಟ್ಟೆ. ನಾಲಗೆ ಕಚ್ಚಿಕೊಂಡೆ.
ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮಗು ಏನನ್ನೋ ನೆಲಕ್ಕೆ ಬೀಳಿಸಿದ ಸದ್ದು.
"ಗೊತ್ತಿಲ್ಲ ತೈಸಿಯಾ," ಅಂದ,
"ತೂಗಿಲ್ಲ."