ನಾಲ್ಕು-ಅ

ಪಾತ್ರ: ಪ್ರಯಾಣಿಕ.
ಪೂರ್ವಷರತ್ತು: ಫೆರಿ ಇನ್ನೂ ದಡ ಬಿಟ್ಟಿಲ್ಲ.
ಮೂರು: ಪ್ರಯಾಣಿಕ ಕಾರ್ಡು ಮುಟ್ಟಿಸುತ್ತಾನೆ.
ನಾಲ್ಕು: ಯಂತ್ರ ಹ್ಞೂಂ ಅನ್ನುತ್ತದೆ.
ಉಹೂಂ ಅಂದರೆ?

ಅಲ್ಲಿಗೆ ನಿಂತಿತು ಸುನ್ನಿವಾಳ ಪೆನ್ನು.
ಮೂವತ್ತು ಚಳಿಗಾಲ ಇದೇ ಫ್ಯೋರ್ಡಿನಲ್ಲಿ
ಟಿಕೇಟು ಹರಿದುಕೊಟ್ಟ ಆಸ್ಲಾಕನನ್ನು ಹುಡುಕಿ ಹೋದಳು.
ಕಾಸಿಲ್ಲದವರು ಬಂದರೆ ಏನು ಮಾಡುತ್ತಿದ್ದಿರಿ?

ಮುದುಕ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದ.
'ಏನಿಲ್ಲ. ಆ ಕಡೆ ತಿರುಗಿ ನೀರು ನೋಡುತ್ತಿದ್ದೆ.
ಅಷ್ಟರಲ್ಲಿ ಒಳಗೆ ಹೋಗಿ ಕೂತಿರುತ್ತಿದ್ದರು.'

ಬರೆದಳು, ಹೊಡೆದು ಹಾಕಿದಳು,
ಬಸ್ಸಿನಲ್ಲಿ ಮತ್ತೆ ಅದನ್ನೇ ಬರೆದಳು:
ನಾಲ್ಕು-ಅ. ವ್ಯವಸ್ಥೆ ಆ ಕಡೆ ತಿರುಗಿ ನೀರು ನೋಡುತ್ತದೆ.

ಕಡತ ನನ್ನ ಮೇಜಿಗೆ ಬಂತು.
ಕೋಡು ಬರೆಯುವವನು ನಾನು, ಕವಿಯಲ್ಲ.
ನಗಲಿಲ್ಲ. ತಿರುಗಿಸಿ ಕಳಿಸಲೂ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದೆ:
ಎಷ್ಟು ಸೆಕೆಂಡು?